ಬಜಾರಿ ಕೋಳಿ

ಬೀದಿಯ ಕೊನೆಯ ಕ್ಷೌರದಂಗಡಿಯವನಿಗೆ ಒಂದು ಅಭ್ಯಾಸವಿತ್ತು. ರಿಪೇರಿ ಅಂಗಡಿಯಿಂದ ಕಂಠಕ್ಕನ ದನಿ ಏರಿತೋ, ಗಿರಾಕಿಯ ಗಲ್ಲದಿಂದ ಕತ್ತಿ ತೆಗೆದು ಮೇಲೆ ಹಿಡಿದುಬಿಡುತ್ತಿದ್ದ. ಆ ದನಿಗೆ ಯಾರಾದರೂ ಬೆಚ್ಚಿಬಿದ್ದು ಕತ್ತು ಕೊಯ್ಯಿಸಿಕೊಂಡರೆ ಹೊಣೆ ಯಾರು? ಅವತ್ತು ಬೆಳಿಗ್ಗೆ ಮೇಲೆ ಹಿಡಿದ ಕತ್ತಿ ಎಷ್ಟು ಹೊತ್ತಾದರೂ ಕೆಳಗಿಳಿಯಲಿಲ್ಲ. ಗಿರಾಕಿ ಅರ್ಧ ಮುಖದ ನೊರೆ ಒಣಗಿಸಿಕೊಂಡು ಕೂತಿದ್ದ.

"ಅವಳ ಹತ್ರಾನಾ? ಲೋ, ಈ ಊರಲ್ಲಿ ದುಡ್ಡಿರೋರು ಇನ್ಯಾರೂ ಇರ್ಲಿಲ್ವೇನೋ ನಿಂಗೆ? ಹೋಗಿ ಹೋಗಿ ಅವಳ ಬಾಗಿಲಿಗೆ ನನ್ನ ಕೋಳಿ ಕಳ್ಸಿದ್ದೀಯಲ್ಲ, ತಲೇಲಿ ಮೆದುಳಿದೆಯೋ ಮರದ ಹೊಟ್ಟಿದೆಯೋ?"

"ನಮ್ಮ ಕೋಳಿ," ಅಂದ ತಮ್ಮ, ಕೈಯಲ್ಲಿದ್ದ ಸೋಲ್ಡರಿಂಗ್ ಐರನ್‌ನಿಂದ ಕಣ್ಣೆತ್ತದೆ. "ಹೊಟ್ಟೆಯೊಳಗಿನ ತಂತಿ ನಂದು."

"ಗಂಟಲು ನಂದು!"

ಅದೇನೋ ನಿಜವೇ. ಕಂಠಕ್ಕನದು ಸಿನಿಮಾದಲ್ಲಿ ಬೇರೆಯವರ ಬಾಯಿಗೆ ಮಾತು ತುಂಬುವ ಕೆಲಸ, ಡಬ್ಬಿಂಗು. ಸ್ಟುಡಿಯೋದವರಿಗೆ ಅವಳ ಹೆಸರು ಎಂದೂ ಬೇಕಾಗಿರಲಿಲ್ಲ. "ಕಂಠ ಬಂತಾ?" ಅಂತ ಕೇಳುತ್ತಿದ್ದರು, ಬಾಡಿಗೆ ಗಾಡಿ ಬಂತಾ ಅಂತ ಕೇಳಿದ ಹಾಗೆ. ಹಾಗೆ ಅಂಟಿಕೊಂಡ ಹೆಸರು ಅದು. ಕತ್ತಲ ಕೋಣೆಯಲ್ಲಿ ನಿಂತು, ಪರದೆಯ ಮೇಲೆ ಆಡುವ ತುಟಿಗಳನ್ನೇ ನೋಡುತ್ತ, ಅವು ತೆರೆದಾಗ ತೆರೆದು ಮುಚ್ಚಿದಾಗ ಮುಚ್ಚಿ, ಕೂಲಿ ಇಸಿದುಕೊಂಡು ಮನೆಗೆ ಬರುತ್ತಿದ್ದಳು. ಆ ತುಟಿಗಳಲ್ಲಿ ಹೆಚ್ಚಿನವು ಒಬ್ಬಳದೇ. ರಾಣಿಯ ಪಾತ್ರಗಳನ್ನು ಹಾಕಿ ಹಾಕಿ ಮಹಾರಾಣಿ ಅಂತಲೇ ಹೆಸರಾದ ನಟಿಯದು. ಆ ನಟಿ ಪರದೆಯ ಮೇಲೆ ಅತ್ತದ್ದು, ನಕ್ಕದ್ದು, ಶಾಪ ಹಾಕಿದ್ದು ಎಲ್ಲ ಕಂಠಕ್ಕನ ಗಂಟಲಿನಿಂದ. ಹೊರಗೆ ಬಾಯಿ ಬಿಟ್ಟರೆ ಇನ್ನೆಲ್ಲೂ ಕೆಲಸ ಇಲ್ಲ ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಸಿನಿಮಾದ ಕೊನೆಯಲ್ಲಿ ಚಹಾ ತಂದುಕೊಟ್ಟವನ ಹೆಸರೂ ಬರುತ್ತಿತ್ತು, ಅವಳದು ಮಾತ್ರ ಇಲ್ಲ. ಇಷ್ಟೆಲ್ಲ ಆಗಿಯೂ ಇಬ್ಬರೂ ಒಮ್ಮೆಯಾದರೂ ಎದುರಾಬದುರಾಗಿ ನಿಂತವರಲ್ಲ.

ಮಹಾರಾಣಿ ಸಿನಿಮಾ ಬಿಟ್ಟಳು, ಕಂಠಕ್ಕನ ಕೆಲಸವೂ ಬತ್ತಿತು. ಮಹಾರಾಣಿಗೆ ಗಂಟಲ ಕಾಯಿಲೆ, ಮಾತಾಡಕೂಡದು ಅಂತ ವೈದ್ಯರು ಹೇಳಿದ್ದಾರೆ ಅಂತ ಪತ್ರಿಕೆಯಲ್ಲಿ ಬಂತು. ಆಮೇಲೆ ಅವಳು ಹೊಸ ಹೊಸ ಕಂಪನಿಗಳಿಗೆ ದುಡ್ಡು ಹಾಕತೊಡಗಿದಳು. ಯಾವ ಡಬ್ಬದ ಮೇಲೆ ಅವಳ ಮುಖ ಬಂದರೂ ಆ ಡಬ್ಬ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ.

ಇತ್ತ ತಮ್ಮ ಮಾಡಿದ್ದು ಕೋಳಿ. ಅವನು ಹುಟ್ಟು ಸೋಮಾರಿ. ಬೆಳಿಗ್ಗೆ ಅವನನ್ನು ಎಬ್ಬಿಸುವುದೆಂದರೆ ಬಂಡೆಗೆ ಬುದ್ಧಿ ಹೇಳಿದಂತೆ. ಅಕ್ಕ ಬೈದು ಬೈದು ಸಾಕಾಗಿ ಒಂದು ದಿನ, "ನಾನು ಸತ್ತ ಮೇಲೆ ನಿನ್ನನ್ನ ಯಾರೋ ಎಬ್ಬಿಸ್ತಾರೆ?" ಅಂದಳು. ಹಾಸಿಗೆಯಲ್ಲೇ ಅವನಿಗೆ ಅದು ತಲೆಗೆ ಹೊಳೆಯಿತು. ಕೆಂಪು ಪ್ಲಾಸ್ಟಿಕ್ಕಿನ ಕೋಳಿ, ಹೊಟ್ಟೆಯಲ್ಲಿ ಗಡಿಯಾರ, ಹೇಳಿದ ಹೊತ್ತಿಗೆ ಬೈದು ಎಬ್ಬಿಸುತ್ತದೆ. ತಲೆಯ ಜುಟ್ಟು ಅದುಮಿದರೆ ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೂ ಖಾರವಾಗಿ ಶುರುಮಾಡುತ್ತದೆ. ಕಂಠಕ್ಕ ಮನೆಯಲ್ಲಿ ಬೈಯುವ ಹಾಗೆಯೇ ಬೈದು ಅದರ ಹೊಟ್ಟೆ ತುಂಬಿಸಿದ್ದಳು. ಮಾರುಕಟ್ಟೆಯಲ್ಲಿ ಅದಕ್ಕೆ ಬಜಾರಿ ಕೋಳಿ ಅಂತ ಹೆಸರೂ ಬಿತ್ತು. ಅಂಗಡಿಯವರು ಇನ್ನಷ್ಟು ಬೇಕೆಂದರು. ಆದರೆ ಕೈಯಲ್ಲೇ ಒಂದೊಂದು ಕೋಳಿ ಅಂಟಿಸುತ್ತ ಕೂತರೆ ಎಲ್ಲಿಗೆ ಸಾಕು? ಕಾರ್ಖಾನೆಯಲ್ಲಿ ಅಚ್ಚು ಹಾಕಿಸಬೇಕು, ಅದಕ್ಕೆ ಬಂಡವಾಳ ಬೇಕು.

ಕಂಠಕ್ಕನ ಎದೆಯಲ್ಲಿ ಉರಿ ಹತ್ತಿಸಿದ್ದು ಬೇರೆ ಮಾತು. ಕೋಳಿ ಬೈದದ್ದು ಕೇಳಿದವರೆಲ್ಲ "ಅರೆ, ಮಹಾರಾಣಿ ದನಿ!" ಅನ್ನುತ್ತಿದ್ದರು. ಅವಳದೇ ಬೀದಿಯವರೂ ಅಷ್ಟೇ. "ಮಹಾರಾಣಿ ಥರಾನೇ ಬೈತಾಳೆ, ಸಿನಿಮಾ ನೋಡಿ ನೋಡಿ ಕಲ್ತಿದ್ದಾಳೆ," ಅಂತ ಬೆನ್ನ ಹಿಂದೆ ನಗುತ್ತಿದ್ದರು. ಮನೆ ಕಟ್ಟಿದವನನ್ನೇ ಬಾಡಿಗೆಯವನು ಅಂದಂತೆ.

"ಅದಕ್ಕೇ ಅಲ್ವಾ ಅವರಿಗೇ ಕಳ್ಸಿದ್ದು?" ಅಂದ ತಮ್ಮ. "ಹೇಗೂ ಜನ ಅವರ ದನಿ ಅಂತಾರೆ. ಅವರ ಫೋಟೋನೂ ಬಂದ್ರೆ ಕಥೆ ಎಲ್ಲಿಗೆ ಹೋಗುತ್ತೆ ಯೋಚ್ನೆ ಮಾಡು. ನಾಡಿದ್ದು ಬನ್ನಿ ಅಂದಿದ್ದಾರೆ."

ಬೀದಿಯ ಕೊನೆಯಲ್ಲಿ ಕ್ಷೌರದವನು ಕತ್ತಿ ಇಳಿಸಿದ.

"ಫೋಟೋ ಯಾರದ್ದಾದ್ರೂ ಹಾಕ್ಕೋ," ಅಂದಳು ಕೊನೆಗೆ. "ಆದರೆ ಡಬ್ಬದ ಮೇಲೆ 'ದನಿ' ಅಂತ ಬರೆದು ಅದರ ಮುಂದೆ ನನ್ನ ಹೆಸರಿರ್ಬೇಕು. ಕಂಠ ಅಲ್ಲ, ನನ್ನ ಹೆಸರು. ಅದೊಂದು ಇಲ್ಲಾಂದ್ರೆ ಈ ಕೋಳಿ ಕೂಗಲ್ಲ ಕಣೋ, ನೆನಪಿಟ್ಕೋ."

"ಬರೆಸ್ಕೊಂಡೇ ಬರೋಣ ಅಕ್ಕ."

"ಮತ್ತೆ ಆ ರೆಕ್ಕೆಯದ್ದು ತೆಗಿ ಅಂತ ಎಷ್ಟು ಸಲ ಹೇಳ್ಲಿ?"

ಎರಡೂ ರೆಕ್ಕೆಗಳನ್ನು ಒಟ್ಟಿಗೆ ಅದುಮಿ ಹಿಡಿದರೆ ಕೋಳಿ ಎದುರಿನವರ ಮಾತನ್ನು ನುಂಗಿಕೊಂಡು ಅದನ್ನೇ ಮುಂದೆ ಕೂಗುತ್ತಿತ್ತು. ಪರೀಕ್ಷೆಗೆಂದು ತಮ್ಮ ಇಟ್ಟುಕೊಂಡಿದ್ದ ಏರ್ಪಾಟು, ಮಾರುವ ಮುಂಚೆ ತೆಗೆಯಬೇಕಾದದ್ದು.

"ನಾಳೆ ತೆಗೀತೀನಿ," ಅಂದ ತಮ್ಮ. ಅವನ ನಾಳೆ ಯಾವತ್ತು ಬಂದಿದೆ?

ಮಹಾರಾಣಿಯ ಆಫೀಸಿನ ಗೋಡೆಯ ತುಂಬ ಅವಳದೇ ಚಿತ್ರಗಳು. ಒಂದರಲ್ಲಿ ಕಿರೀಟ, ಒಂದರಲ್ಲಿ ಬಂದೂಕು, ಇನ್ನೊಂದರಲ್ಲಿ ಕೈಕೋಳ. ಎಲ್ಲದರಲ್ಲೂ ಬಾಯಿ ಅರ್ಧ ತೆರೆದಿತ್ತು. ಆ ಒಂದೊಂದು ಬಾಯಿಗೂ ಮಾತು ತುಂಬಿದವಳು ಕೆಳಗೆ ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕೂತು ಕಾದಳು, ಕಾದಳು, ಕಾದೇ ಕಾದಳು. ಕಾಯಿಸುವುದೂ ದೊಡ್ಡವರಿಗೆ ಒಂದು ಕಸುಬು.

ಮಹಾರಾಣಿ ಬಂದಾಗ ಕಂಠಕ್ಕನಿಗೆ ಮೊದಲು ಅನ್ನಿಸಿದ್ದು, ಇಷ್ಟು ಕುಳ್ಳಗಿದ್ದಾಳಾ ಇವಳು ಅಂತ. ಪಕ್ಕದಲ್ಲಿ ಮ್ಯಾನೇಜರು, ಇಸ್ತ್ರಿ ಹಾಕಿದ ಮುಖದವನು. ಮಹಾರಾಣಿ ಅವನ ಕಿವಿಯಲ್ಲಿ ಏನೋ ಉಸುರಿದಳು. ಅಷ್ಟೇ, ಕಂಠಕ್ಕನ ತುಟಿಗಳು ತಾವಾಗಿಯೇ ಆಡತೊಡಗಿದವು. ಎಷ್ಟೋ ವರ್ಷಗಳ ಅಭ್ಯಾಸ, ಬಿಡು ಅಂದರೆ ಬಿಡುತ್ತದೆಯೇ? ಟಿವಿಯಲ್ಲಿ ಹಳೆಯ ಸಿನಿಮಾ ಬಂದರೂ ಹಾಗೇ ಆಗುತ್ತಿತ್ತು. ಮಹಾರಾಣಿ ಅದನ್ನು ಕಂಡಳು. ಅವಳ ತುಟಿಯ ಎಡ ತುದಿ ಸ್ವಲ್ಪ ಮೇಲೆ ಹೋಯಿತು. ಸಿಟ್ಟು ಬರುವ ಮುಂಚೆ ಅದು ಹಾಗೆ ಹೋಗುತ್ತದೆಂದು ಕಂಠಕ್ಕನಿಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಇರಲಿಲ್ಲ.

"ಮೇಡಂ ಕೋಳೀನ ಇನ್ನೊಂದ್ಸಲ ನೋಡಬೇಕಂತೆ," ಅಂದ ಮ್ಯಾನೇಜರು.

ತಮ್ಮ ಮೇಜಿನ ಮೇಲೆ ಕೋಳಿ ಇಟ್ಟ. ಬಂದವರನ್ನು ಕಾಯಿಸಬಾರದೆಂದು ಬೈಗುಳಗಳ ನಡುವಿನ ಬಿಡುವನ್ನು ಕಡಿಮೆ ಮಾಡಿ ತಂದಿದ್ದ. ಕೋಳಿ ಕಣ್ಣು ಮಿಟುಕಿಸಿ ಶುರುಮಾಡಿತು: "ಏಳು ಮೇಲೆ! ಸೂರ್ಯ ನೆತ್ತಿಗೆ ಬಂದ, ನಿಂಗಿನ್ನೂ ಮಗ್ಗುಲು ಬದಲಾಯಿಸೋಕೇ ಪುರುಸೊತ್ತಾಗಿಲ್ಲ!" ಜುಟ್ಟು ಅದುಮಿದ. ಸ್ವಲ್ಪ ಹೊತ್ತು ಬಿಟ್ಟು: "ಕುಂಭಕರ್ಣನಾದ್ರೂ ಆರು ತಿಂಗಳಿಗೊಂದು ಸಲ ಏಳ್ತಿದ್ದ ಕಣೋ! ನಿನ್ನ ಹಾಸಿಗೆ ಹಡೆದಿದ್ದಾ ನಿನ್ನನ್ನ?"

ತಮ್ಮ ಮತ್ತೆ ಜುಟ್ಟು ಅದುಮಿದ. ಮ್ಯಾನೇಜರು ನಕ್ಕ. ಮಹಾರಾಣಿ ನಗಲಿಲ್ಲ. ಅವನ ಕಿವಿಗೆ ಮತ್ತೆ ಬಾಗಿದಳು.

"ಮೇಡಂ ದುಡ್ಡು ಹಾಕೋಕೆ ರೆಡಿ ಇದ್ದಾರೆ," ಅಂದ ಅವನು. ತಮ್ಮನ ಮುಖ ಹಬೆಯಾಡುವ ಇಡ್ಲಿಯ ಹಾಗೆ ಉಬ್ಬಿತು. "ಕಾರ್ಖಾನೆ, ಅಚ್ಚು, ಜಾಹೀರಾತು, ಎಲ್ಲ ನಮ್ಮ ಹೊಣೆ. ಒಂದೇ ಮಾತು. ಡಬ್ಬದ ಮೇಲೆ 'ಮಹಾರಾಣಿಯವರ ದನಿಯಲ್ಲಿ' ಅಂತ ಇರುತ್ತೆ. ಕಾಯಿಲೆಗೆ ಮುಂಚೆ ಮೇಡಂ ರೆಕಾರ್ಡ್ ಮಾಡಿಟ್ಟಿದ್ದು ಅಂತ. ಈ ಅಮ್ಮ ಇನ್ಮೇಲೆ ಎಲ್ಲೂ ಈ ದನೀಲಿ ಮಾತಾಡಬಾರದು."

"ಎಲ್ಲೂ ಅಂದ್ರೆ?" ಅಂದಳು ಕಂಠಕ್ಕ. "ತರಕಾರಿಯವನ ಹತ್ರ ಯಾವ ದನೀಲಿ ಚೌಕಾಸಿ ಮಾಡ್ಲಿ? ನಿಮ್ಮದು ಕೊಡ್ತೀರಾ?"

"ಅಕ್ಕ, ಸ್ವಲ್ಪ ಸುಮ್ನಿರು," ಅಂದ ತಮ್ಮ.

"ಸುಮ್ನಿರು ಅಂತೀಯಾ? ಕೋಳಿ ಕೇಳಿ ಮಸಾಲೆ ಅರೀತಾರಾ ಅಂತ ಬಂದಿದ್ದೀಯೇನೋ ನೀನೂ?" ಅವಳು ಮ್ಯಾನೇಜರನ್ನು ಬಿಟ್ಟು ನೇರವಾಗಿ ಮಹಾರಾಣಿಯ ಕಡೆ ತಿರುಗಿದಳು. "ನೋಡಿ, ನಿಮ್ಮ ಫೋಟೋ ಹಾಕ್ಕೊಳ್ಳಿ, ಬೇಡ ಅನ್ನಲ್ಲ. ದನಿ ನಂದು. ನನ್ನ ಹೆಸರು ಹಾಕಿ. ಇಷ್ಟು ವರ್ಷ ನಿಮ್ಮ ಬಾಯಿ ತುಂಬಿಸಿದ್ದೀನಿ, ಒಂದು ಸಾಲು ಕೇಳ್ತಿದ್ದೀನಿ."

"ಹಾಗಾದ್ರೆ ಕೋರ್ಟಿಗೆ ಹೋಗ್ಬೇಕಾಗುತ್ತೆ," ಅಂದ ಮ್ಯಾನೇಜರು ತಣ್ಣಗೆ. "ಇದು ಮೇಡಂ ದನಿ ಅಂತ ಊರಿಗೆಲ್ಲ ಗೊತ್ತು. ನೀವು ಕದ್ದು ಕೋಳಿಗೆ ತುಂಬಿದ್ದೀರಿ ಅಂತ ಆಗುತ್ತೆ."

"ಕದ್ದಿದ್ದಾ? ನನ್ನ ಗಂಟಲನ್ನ ನಾನೇ ಕದ್ದೆನಾ? ತಿಂದಿದ್ದು ಕೋತಿ, ಒರೆಸಿದ್ದು ಮೇಕೆ ಬಾಯಿಗೆ ಅಂದ್ರೆ ಇದೇ. ಕೇಳು ನಿನ್ನ ಮೇಡಂನ, ಒಂದೇ ಒಂದು ಮಾತಾಡ್ಲಿ ನನ್ನ ಮುಂದೆ. ಯಾರದ್ದು ಯಾರು ಕದ್ದಿದ್ದು ಅಂತ ಗೊತ್ತಾಗುತ್ತೆ!"

ಮಹಾರಾಣಿ ಎದ್ದಳು. ಮೇಜಿನ ಮೇಲಿದ್ದ ಕೋಳಿಯನ್ನು ಎರಡೂ ರೆಕ್ಕೆ ಹಿಚುಕಿ ಎತ್ತಿಕೊಂಡಳು, ಇನ್ನೇನು ಎದುರಿನವಳ ತಲೆಗೇ ಎಸೆಯುವವಳಂತೆ. ಬಾಯಿ ತೆರೆದಳು. ಹೊರಬಂದದ್ದು ಸಿನಿಮಾದ ದನಿಯಲ್ಲ.

"ನಿನ್ನ ಹೆಸರು ಬೇಕಾ ನಿಂಗೆ? ನನ್ನ ಬಾಯೊಳಗೆ ಕೂತು ತಿಂದು ತೇಗಿದೋಳು ನೀನು! ಮೊದಲನೇ ಸಿನಿಮಾದಲ್ಲಿ ನಾನೂ ಮಾತಾಡಿದ್ದೆ ಕಣೇ. ಒಡಕು ಮಡಕೆ ಅಂತ ನಕ್ಕರು, ಅಳಿಸಿಹಾಕಿದ್ರು, ನಿನ್ನನ್ನ ತಂದು ಕೂರಿಸಿದ್ರು. ಅವತ್ತಿಂದ ಮದುವೆ ಮನೇಲಿ ಬಾಯಿಬಿಡೋ ಹಾಗಿಲ್ಲ, ಅಂಗಡೀಲಿ ಬಾಯಿಬಿಡೋ ಹಾಗಿಲ್ಲ. ಫೋನಲ್ಲಿ ಹಲೋ ಅಂದ್ರೆ 'ಸ್ವಲ್ಪ ಮೇಡಂಗೆ ಕೊಡಪ್ಪಾ' ಅಂತಾರೆ. ಗಂಟಲ ಕಾಯಿಲೆಯಂತೆ! ಆ ಕಾಯಿಲೆ ಹೆಸರೇ ನೀನು! ಏಳು ಮೇಲೆ! ಎದ್ದು ತೊಲಗು ನನ್ನ ಕಣ್ಣೆದುರಿಂದ!"

ಒರಟು ದನಿ. ಮರಳಿನಲ್ಲಿ ಪಾತ್ರೆ ಉಜ್ಜಿದಂತೆ ಕರಕರ, ಆದರೆ ಅದರ ಒಳಗೆ ಕಬ್ಬಿಣ ಇತ್ತು. ಕಂಠಕ್ಕ ಬೈದರೆ ಮಗ್ಗುಲು ಬದಲಾಯಿಸುತ್ತಿದ್ದ ತಮ್ಮ, ಹುಟ್ಟು ಸೋಮಾರಿ, ಕುರ್ಚಿಯಿಂದ ಚಂಗನೆ ಎದ್ದು ನಿಂತಿದ್ದ. ತಾನು ಎದ್ದಿದ್ದೇನೆ ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಕಂಠಕ್ಕನಿಗೆ ಮೈ ಉರಿಯುತ್ತಿತ್ತು, ಆದರೆ ಕಸುಬಿನ ಕಿವಿ ಸುಳ್ಳು ಹೇಳುತ್ತದೆಯೇ? ಇಂಥ ದನಿಯನ್ನು ಅಳಿಸಿದವನು ಎಂಥ ಮುಠ್ಠಾಳನಿರಬೇಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಮಹಾರಾಣಿ ಕೋಳಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅಷ್ಟರಲ್ಲಿ ಕೋಳಿಯ ಬಿಡುವು ಮುಗಿಯಿತು. ಅದು ಕಣ್ಣು ಮಿಟುಕಿಸಿತು, ಕೊಕ್ಕು ತೆರೆಯಿತು.

"ನಿನ್ನ ಹೆಸರು ಬೇಕಾ ನಿಂಗೆ? ನನ್ನ ಬಾಯೊಳಗೆ ಕೂತು..."

ಮೊದಲು ತಮ್ಮನಿಗೆ ಅರ್ಥವಾಯಿತು. ರೆಕ್ಕೆ! ಅವನು ಹಣೆ ಚಚ್ಚಿಕೊಂಡ. ಕೋಳಿ ಒಂದು ಅಕ್ಷರ ಬಿಡದೆ ಕೊನೆಯವರೆಗೂ ಹೇಳಿ, "ಎದ್ದು ತೊಲಗು" ಅಂದು ಸುಮ್ಮನಾಯಿತು. ಮಹಾರಾಣಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಮೊದಲ ಸಿನಿಮಾದಲ್ಲಿ ಅಳಿಸಿದ ಮೇಲೆ ತನ್ನ ದನಿ ಹೊರಗಿನಿಂದ ಬಂದು ತನ್ನ ಕಿವಿಗೆ ಬಿದ್ದದ್ದು ಇದೇ ಮೊದಲು. ಅವಳ ಮುಖದ ಬಣ್ಣ ಇಳಿದುಹೋಗಿತ್ತು. ಮ್ಯಾನೇಜರನ ಕಡೆ ನೋಡಿ ಕೈ ಆಡಿಸಿದಳು.

"ಅದನ್ನ ಅಳಿಸಿ," ಅಂದ ಅವನು. "ಈಗಿಂದೀಗಲೇ."

"ನೀವೇ ಅಳಿಸ್ಕೊಳ್ಳಿ," ಅಂದಳು ಕಂಠಕ್ಕ ಏಳುತ್ತ. "ನಿಮ್ಮದಲ್ಲದ್ದನ್ನ ನಂದು ಅಂತೀರಿ. ಪೂರಾ ನಿಮ್ಮದೇ ಆಗಿರೋದು ಬಂದ್ರೆ ಅಳಿಸಿ ಅಂತೀರಿ. ಇಂಥೋರ ದುಡ್ಡಲ್ಲಿ ನನ್ನ ಕೋಳಿ ಬದುಕೋದು ಬೇಡ. ನಡಿಯೋ."

ತಮ್ಮ ಕೋಳಿಗೆ ಕೈ ಚಾಚಿದ. ಮಹಾರಾಣಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು. ಕೊಡಲಿಲ್ಲ.

ಬೀದಿಗಿಳಿದ ಮೇಲೆ ತಮ್ಮ ಮೊದಲ ಬಾರಿಗೆ ಅಕ್ಕನ ಮೇಲೆ ಕೂಗಾಡಿದ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದೆ, ನಿನ್ನ ಹೆಸರಿಗೆ ಬೆಂಕಿ ಹಾಕ, ಹೆಸರು ಕಟ್ಟಿಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ, ಅಂತೆಲ್ಲ ಅಂದ. ಕಂಠಕ್ಕ ತಿರುಗಿಯೂ ನೋಡದೆ ಮುಂದೆ ನಡೆದಳು. ಮ್ಯಾನೇಜರು ಹೇಳಿದ ಮಾತು ಉಳಿಸಿಕೊಂಡ. ಅಂಗಡಿ ಅಂಗಡಿಗೆ ಫೋನು ಹೋಯಿತು, ಮಹಾರಾಣಿಯವರ ಕದ್ದ ದನಿ ಮಾರಿದರೆ ಕೋರ್ಟು ಅಂತ. ಅಂಗಡಿಯವರು ಕೋಳಿಗಳನ್ನು ಚೀಲದಲ್ಲಿ ತುಂಬಿ ವಾಪಸು ತಂದು ಸುರಿದರು. ಅವು ರಿಪೇರಿ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಕೂತವು. ಅಕ್ಕ ತಮ್ಮ ಒಂದೇ ಮನೆಯಲ್ಲಿ ಉಂಡು, ಒಂದೇ ಅಂಗಡಿಯಲ್ಲಿ ಕೂತು, ಮಾತು ಬಿಟ್ಟರು. ತಮ್ಮ ಈಗ ಯಾರೂ ಎಬ್ಬಿಸದೆ ಬೇಗ ಏಳುತ್ತಿದ್ದ. ನಿದ್ದೆ ಬಂದರೆ ತಾನೆ?

ಒಂದು ಮಧ್ಯಾಹ್ನ ಮ್ಯಾನೇಜರು ಬಂದ, ಇಸ್ತ್ರಿ ಕಳಚಿದ ಮುಖ ಹೊತ್ತು. ಕಂಕುಳಲ್ಲಿದ್ದ ಚೀಲದಿಂದ ಆ ಕೋಳಿಯನ್ನು ತೆಗೆದು ಮೇಜಿನ ಮೇಲೆ ಇಟ್ಟ.

"ಜುಟ್ಟು ಒಳಗೆ ಹೋಗಿಬಿಟ್ಟಿದೆ. ಅದುಮಿದ್ರೆ ಮೇಲೆ ಬರ್ತಿಲ್ಲ. ಕೂಗ್ತಾನೂ ಇಲ್ಲ."

ತಮ್ಮ ಬಿಚ್ಚಿ ನೋಡಿದ. ಜುಟ್ಟಿನ ಕೆಳಗಿನ ಸ್ಪ್ರಿಂಗು ಸವೆದು ತುಂಡಾಗಿತ್ತು. "ಸೋಮಾರಿಗಳಿಗೆ ಅಂತ ಮಾಡಿದ್ದು ಸ್ವಾಮಿ, ವರ್ಷಗಟ್ಟಲೆ ಬರ್ಬೇಕು ಇದು. ಎಷ್ಟು ಸಲ ಒತ್ತಿದ್ದಾರೆ?"

"ನಂಗೇನು ಗೊತ್ತು? ಬಾಗಿಲು ಹಾಕ್ಕೊಂಡು ಕೂತಿರ್ತಾರೆ. ಅದು ಬೈಯುತ್ತೆ, ಸುಮ್ನಾಗುತ್ತೆ, ಮತ್ತೆ ಬೈಯುತ್ತೆ." ಅವನು ದನಿ ತಗ್ಗಿಸಿದ. "ಒಳಗಿರೋದು ಮಾತ್ರ ಅಳಿಸಬಾರದಂತೆ."

ಕಂಠಕ್ಕ ಮೂಲೆಯಿಂದ ಎದ್ದು ಬಂದು ಕೋಳಿಯನ್ನು ಎತ್ತಿಕೊಂಡಳು. ಎರಡು ಹೆಬ್ಬೆರಳು ಎರಡು ರೆಕ್ಕೆಯ ಮೇಲೆ. ಒಮ್ಮೆ ಅದುಮಿ, ಹಾಳಾಗಿ ಹೋಗು ಅಂದರೆ ಸಾಕಿತ್ತು, ಒಳಗಿದ್ದದ್ದು ಅಳಿಸಿಹೋಗುತ್ತಿತ್ತು. ತಾನು ಅನುಭವಿಸಿದ್ದು ಅವಳೂ ಅನುಭವಿಸಲಿ ಅಂತ ಮನಸ್ಸು ಹೇಳುತ್ತಿತ್ತು. ಮ್ಯಾನೇಜರು ಬಿಳುಚಿಕೊಂಡ.

"ಅವಳೇ ಬಂದು ಕೇಳ್ಲಿ," ಅಂದಳು. "ಅವಳ ಬಾಯಿಂದ."

"ಮೇಡಂ ಹೊರಗೆ ಮಾತಾಡಲ್ಲ."

"ಹಾಗಿದ್ರೆ ಕೋಳೀನೂ ಮಾತಾಡಲ್ಲ."

ಕಾರು ಬೀದಿಯ ಬಾಯಲ್ಲೇ ನಿಂತಿತ್ತು. ಮ್ಯಾನೇಜರು ಹೋಗಿ ಕಿಟಕಿಗೆ ಬಾಗಿದ, ತುಂಬ ಹೊತ್ತು ಬಾಗಿಯೇ ಇದ್ದ. ಆಮೇಲೆ ಬಾಗಿಲು ತೆರೆಯಿತು. ಮಹಾರಾಣಿ ಬೀದಿಗೆ ಕಾಲಿಟ್ಟರೆ ಕೇಳಬೇಕೇ? ಅಂಗಡಿಗಳು ಖಾಲಿಯಾದವು. ಕ್ಷೌರದವನು ಕತ್ತಿ ಹಿಡಿದುಕೊಂಡೇ ಬಂದ, ಅವನ ಗಿರಾಕಿ ನೊರೆ ಮುಖದಲ್ಲೇ ಬಂದ. ಮಹಾರಾಣಿ ಯಾರನ್ನೂ ನೋಡದೆ ನಡೆದು ಬಂದು ರಿಪೇರಿ ಅಂಗಡಿಯ ಮೆಟ್ಟಿಲ ಮುಂದೆ ನಿಂತಳು. ತುಟಿಯ ಎಡ ತುದಿ ಮೇಲೆ ಹೋಗಿತ್ತು.

ಅವಳು ಬಾಯಿ ತೆರೆಯುವುದು ಕಂಡೊಡನೆ ಕಂಠಕ್ಕನ ತುಟಿ ಮಿಡಿಯಿತು. ಅವಳು ಎರಡೂ ತುಟಿಗಳನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದಳು.

"ಅದನ್ನ ಸರಿ ಮಾಡ್ಕೊಡು," ಅಂದಳು ಮಹಾರಾಣಿ.

ಜನರಲ್ಲಿ ಗುಸುಗುಸು ಎದ್ದಿತು. ಪಾಪ, ಏನು ಕಾಯಿಲೆಯೋ, ಹೇಗಿದ್ದ ದನಿ ಹೇಗಾಯಿತು! ಕ್ಷೌರದವನು ಕನಿಕರದಿಂದ ಮುಂದೆ ಬಂದ. "ಆಯಾಸ ಮಾಡ್ಕೋಬೇಡಿ ಮೇಡಂ. ನಿಮ್ಮ ಹಳೇ ದನಿ ನಮಗೆ ಮರೆತಿಲ್ಲ. ನೋಡಿ, ನಮ್ಮ ಈ ಅಕ್ಕನೂ ನಿಮ್ಮನ್ನ ನೋಡಿ ಕಲ್ತು ಥೇಟು ನಿಮ್ಮ ಥರಾನೇ..."

"ನನ್ನ ಥರ ಅಲ್ಲ!"

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಸಿನಿಮಾದಲ್ಲಿ ನೀವೆಲ್ಲ ಕೇಳಿದ್ದು ಇವಳದ್ದು. ಮೊದಲಿಂದ ಕೊನೇವರೆಗೂ ಇವಳದ್ದೇ. ನಂಗೆ ಯಾವ ಕಾಯಿಲೆನೂ ಇಲ್ಲ. ನಂದು ಹುಟ್ಟಿದಾಗಿಂದ ಇದೇ." ಉಗುಳಿದ ಹಾಗೆ ಅಂದಳು, ಒಂದೊಂದು ಮಾತನ್ನೂ. ಆಮೇಲೆ ಕಂಠಕ್ಕನ ಕಡೆ ತಿರುಗಿದಳು. ಕಣ್ಣಲ್ಲಿ ಸ್ನೇಹದ ಪಸೆಯೂ ಇರಲಿಲ್ಲ. "ಸಾಕಾ? ಹೊಟ್ಟೆ ತುಂಬ್ತಾ? ಆ ನಿನ್ನ ಕೋಳಿಗಳ ಮೇಲೆ ನಿನ್ನ ಹೆಸರು ಬರ್ಕೋ ಹೋಗು, ನನ್ನ ಹಣೇಬರಹ. ಇದು ನಂದು, ಇದನ್ನ ಕೊಡು."

ಕಂಠಕ್ಕನ ಕಣ್ಣು ತುಂಬಿತು. ತುಂಬಿದ್ದು ಇವಳ ಮುಂದೆ ಅಂತ ಹಾಳು ಸಿಟ್ಟೂ ಬಂತು. ಥ್ಯಾಂಕ್ಸ್ ಅನ್ನುವ ಜಾತಿಯವಳಲ್ಲ ಅವಳು. ಕಚ್ಚಿ ಹಿಡಿದಿದ್ದ ತುಟಿಗಳನ್ನು ಈಗ ಬಿಟ್ಟಳು, ಎಷ್ಟೋ ದಿನದ ಮೇಲೆ ತಮ್ಮನೊಡನೆ ಮಾತಾಡಿದಳು.

"ಏನೋ ಬಾಯಿ ಬಿಟ್ಕೊಂಡು ಕೂತಿದ್ದೀಯಾ? ಏಳು ಮೇಲೆ! ಹೊಸ ಸ್ಪ್ರಿಂಗ್ ಹಾಕು. ಅವರ ದನಿ ಅಳಿಸೀಯಾ, ಹುಷಾರ್."

ಕುರ್ಚಿ ಕೊಟ್ಟರೂ ಮಹಾರಾಣಿ ಕೂರಲಿಲ್ಲ. ಕಂಠಕ್ಕನೂ ಕೂರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ನಿಂತೇ ಇದ್ದರು. ನೋಡುವಂಥದ್ದು ಇನ್ನೇನೂ ಇಲ್ಲವೆಂದು ಜನ ಚದುರಿದರು, ಕ್ಷೌರದವನೂ ಗಿರಾಕಿಯನ್ನು ಕರೆದುಕೊಂಡು ಹೋಗಿ ಅರ್ಧಕ್ಕೆ ಬಿಟ್ಟ ಗಲ್ಲಕ್ಕೆ ಕೈ ಹಾಕಿದ. ತಮ್ಮ ಹೊಸ ಸ್ಪ್ರಿಂಗು ಕೂರಿಸಿ, ಸ್ಕ್ರೂ ಬಿಗಿದು, ಪರೀಕ್ಷೆಗೆಂದು ಜುಟ್ಟು ಅದುಮಿ ಬಿಟ್ಟು ಕಾದ.

"ನಿನ್ನ ಹೆಸರು ಬೇಕಾ ನಿಂಗೆ?" ಅಂತ ಕೋಳಿ ಬೀದಿ ಬಿರಿಯುವಂತೆ ಕೂಗಿತು.

ಬೀದಿಯ ಕೊನೆಯಲ್ಲಿ ಕ್ಷೌರದವನು ಕತ್ತಿ ಮೇಲೆತ್ತಿದ.